ವಿನಯವು ವ್ಯಾಪಾರಕ್ಕೆ ತೊಡಕೇ?

ಮಹಾತಿರ್ ಮೊಹಮ್ಮದರ ‘ದಿ ಮಲಯ್ ಡಿಲೆಮಾ’ 1970ರಲ್ಲಿ ಪ್ರಕಟವಾಗಿ, ಮಲೇಷ್ಯಾದಲ್ಲಿ 1981ರವರೆಗೆ ನಿಷೇಧಕ್ಕೊಳಗಾಗಿದ್ದ ಗ್ರಂಥ. ಎದುರಾಡದೆ ದಾರಿ ಬಿಟ್ಟುಕೊಡುವ ಮಲಯರ ಸೌಜನ್ಯವೇ ಸ್ಪರ್ಧೆಯಲ್ಲಿ ಅವರಿಗೆ ತೊಡಕಾಯಿತೆಂಬುದು ಅದರ ವಾದಗಳಲ್ಲೊಂದು. ಸೌಜನ್ಯಕ್ಕೆ ಮಲಯರು ‘ಬುದಿ ಬಹಾಸ’ ಎನ್ನುತ್ತಾರೆ. ಸಂಸ್ಕೃತದ ಬುದ್ಧಿ, ಭಾಷೆಗಳೇ ಅಲ್ಲಿ ನೆಲೆಸಿವೆ. ಕೋತ ಭಾರು ನಗರದ ಸಿತಿ ಖದೀಜಾ ಮಾರುಕಟ್ಟೆಯಲ್ಲಿ ಮಲಯ ಸ್ತ್ರೀಯರದೇ ಮೇಲುಗೈ. ಅಲ್ಲಿ ಚೌಕಾಶಿಯೂ ಉಂಟು, ಅಕ್ಕ, ಅಣ್ಣ ಎಂಬ ಸಂಬೋಧನೆಯೂ ಉಂಟು. ಹಣ ಪಡೆಯುವಾಗ ‘ಜುವಾಲ್’, ಅಂದರೆ ಮಾರಿದೆನೆಂದು ನುಡಿಯುವುದು ಮಲಯ ವರ್ತಕರ ರೂಢಿ. ಇಂತಹ ವಿನಯವನ್ನು ದೌರ್ಬಲ್ಯವೆನ್ನುವುದು ಅವಸರದ ತೀರ್ಪು. ಬಂಧುಗಳಿಂದ ಬಾಕಿ ಕೇಳಲು ನಾಚುವ ‘ಸೆಗಾನ್’ ಭಾವಕ್ಕಾದರೆ ಟೀಕೆ ಸಲ್ಲುತ್ತದೆ. ಅದರಿಂದ ಸಣ್ಣ ಅಂಗಡಿಯ ಬಂಡವಾಳವೇ ಕರಗಬಹುದು. ಆದರೆ ಅದಕ್ಕೆ ಒರಟುತನ ಬೇಕಿಲ್ಲ. ಸಾಲವನ್ನು ಅವಧಿಸಹಿತ ಬರೆದಿಡಬೇಕೆಂಬ ವಿಧಿ ಆ ವರ್ತಕರು ನಂಬುವ ಕುರಾನಿನಲ್ಲಿಯೇ ಇದೆ.