ತಾಳಮದ್ದಳೆಯ ಶಕುನಿಯೂ ಅವನ ಗೂಢಸಂಕಲ್ಪವೂ

ಪತ್ತನಾಜೆಯಂದು ಮೇಳಗಳು ಗೆಜ್ಜೆ ಬಿಚ್ಚಿದ ತರುವಾಯ ಕಲ್ಲಡ್ಕ, ಪಾಣೆಮಂಗಳೂರು, ವಿಟ್ಲ ಮೊದಲಾದ ಊರುಗಳ ಸೀಮೆಯಲ್ಲಿ ತಾಳಮದ್ದಳೆಯ ಕೂಟಗಳು ನಡೆಯುವುದು ರೂಢಿ. ವೇಷವೂ ನೃತ್ಯವೂ ಇಲ್ಲದ ಈ ಕಲೆಯಲ್ಲಿ ಭಾಗವತನು ಹಾಡಿದ ಪದ್ಯಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ ಮಾತು ಕಟ್ಟಬೇಕು. ಆದುದರಿಂದ ಪಾತ್ರದ ಅಂತರಂಗವನ್ನು ಬಗೆಯುವ ಕುತೂಹಲವು ಇಲ್ಲಿ ಸಹಜವಾಗಿಯೇ ಅಧಿಕ. ಅಂತಹ ಕುತೂಹಲದಿಂದ ಬೆಳೆದ ವಾದಗಳಲ್ಲಿ ಶಕುನಿಯ ಗೂಢಸಂಕಲ್ಪವು ಒಂದು.

ವಾದವಿದು: ಕೌರವರು ಸುಬಲನನ್ನೂ ಅವನ ಮಕ್ಕಳನ್ನೂ ಸೆರೆಯಲ್ಲಿಟ್ಟು, ತಲೆಗೊಂದು ಅಗುಳನ್ನು ಮಾತ್ರ ಕೊಡುತ್ತಿದ್ದರು, ಅವೆಲ್ಲವನ್ನೂ ಉಂಡು ಶಕುನಿಯೊಬ್ಬನೇ ಉಳಿದನು, ತಂದೆಯ ಎಲುಬಿನಿಂದ ದಾಳಗಳನ್ನು ಮಾಡಿ, ಹಿತೈಷಿಯ ಸೋಗಿನಲ್ಲಿ ಕುರುಕುಲವನ್ನು ನಾಶಗೊಳಿಸಿದನು. ಗಾಂಧಾರದ ರಾಜನು ಹಸ್ತಿನಾವತಿಯಲ್ಲಿಯೇ ಏಕೆ ಬೀಡುಬಿಟ್ಟನೆಂಬ ಪ್ರಶ್ನೆಗೆ ಈ ಕಥೆಯು ಸಿದ್ಧವಾದ ಉತ್ತರವನ್ನು ಕೊಡುವುದು. ಜನಪ್ರಿಯತೆಯ ಗುಟ್ಟೂ ಅದೇ.

ವ್ಯಾಸಭಾರತಕ್ಕಾದರೋ ಈ ಕಥೆಯು ಒಗ್ಗದು. ಸೆರೆಯಲ್ಲಿ ಸತ್ತನೆನ್ನಲಾದ ಸುಬಲನು ಸಭಾಪರ್ವದ ರಾಜಸೂಯಕ್ಕೆ ಅತಿಥಿಯಾಗಿ ಬಂದಿರುವನು. ಶಕುನಿಯ ತಮ್ಮಂದಿರಲ್ಲಿ ಹಲವರನ್ನು ಭೀಷ್ಮಪರ್ವದಲ್ಲಿ ಇರಾವಂತನೂ, ಅಚಲ ವೃಷಕರನ್ನು ದ್ರೋಣಪರ್ವದಲ್ಲಿ ಅರ್ಜುನನೂ ಕೊಲ್ಲುವರು. ಹದಿನೆಂಟನೆಯ ದಿನ ಮಗನಾದ ಉಲೂಕನು ಕಣ್ಣೆದುರಿನಲ್ಲಿ ಸಹದೇವನಿಂದ ಹತನಾದ ಮೇಲೆ ಶಕುನಿಯೂ ಅವನ ಕೈಯಲ್ಲಿಯೇ ಮಡಿಯುವನು. ವಂಶದ ಹಗೆ ತೀರಿಸುವವನು ವಂಶವನ್ನೇ ಬಲಿಗೊಡುವನೇ?

ಇದಕ್ಕಿಂತಲೂ ಬಲವಾದ ಸಾಕ್ಷ್ಯವು ವನಪರ್ವದ ಘೋಷಯಾತ್ರೆಯಲ್ಲಿದೆ. ಗಂಧರ್ವರಿಂದ ಸೆರೆಯಾಗಿ ಪಾಂಡವರಿಂದ ಬಿಡುಗಡೆ ಹೊಂದಿದ ದುರ್ಯೋಧನನು ಪ್ರಾಯೋಪವೇಶಕ್ಕೆ ತೊಡಗಿದಾಗ, ರಾಜ್ಯವನ್ನು ಪಾಂಡವರಿಗೆ ಮರಳಿಸಿ ಸೋದರಭಾವದಿಂದಿರೆಂದು ಬುದ್ಧಿ ಹೇಳುವವನು ಶಕುನಿ. ಕುಲನಾಶವೇ ಅವನ ವ್ರತವಾಗಿದ್ದಲ್ಲಿ ಈ ಮಾತು ಅರ್ಥಹೀನ. ಅಳಿಯನ ಮೇಲಣ ಮೋಹವೂ ಜೂಜಿನ ಚಪಲವೂ ಕೂಡಿದ ಮನುಷ್ಯನಲ್ಲಾದರೆ ಅದು ಸಹಜ.

ಮೂಲದಲ್ಲಿಲ್ಲವೆಂಬುದೊಂದೇ ದೋಷವಲ್ಲ, ಪ್ರಸಂಗಕವಿಗಳೂ ಅರ್ಥಧಾರಿಗಳೂ ಮೂಲವನ್ನು ವಿಸ್ತರಿಸಿಯೇ ಈ ಕಲೆಯನ್ನು ಬೆಳೆಸಿದರು. ದೋಷವಿರುವುದು ರಸದಲ್ಲಿ. ಶಕುನಿಯು ಸೂತ್ರಧಾರನಾದೊಡನೆ ದುರ್ಯೋಧನನು ಬರಿಯ ಗೊಂಬೆಯಾಗುವನು. ಅವನ ಮತ್ಸರವೂ ಛಲವೂ ಅವನವಾಗಿ ಉಳಿಯವು. ದ್ರೌಪದಿಯ ಮಾನಭಂಗದ ಹೊಣೆಯು ಸಭೆಯವರೆಲ್ಲರ ತಲೆಯಿಂದಿಳಿದು ಒಬ್ಬನ ಹಗೆಗೆ ಅಂಟುವುದು. ಇನ್ನೊಂದು ತೊಡಕೂ ಉಂಟು: ಗುಟ್ಟನ್ನು ದುರ್ಯೋಧನನಿದಿರು ಆಡಿದರೆ ಅದು ಗುಟ್ಟಲ್ಲ, ಆಡದಿದ್ದರೆ ಶ್ರೋತೃಗಳಿಗೆ ತಿಳಿಯದು. ಸ್ವಗತದಲ್ಲಿ ಹೇಳಿದರೋ, ಮುಂದಿನ ಸಂಭಾಷಣೆಯೆಲ್ಲವೂ ಮುಗಿದ ಕಥೆಯ ಪುನರುಕ್ತಿ.

ಖಳನಿಗೆ ಗುಪ್ತವಾದ ಸಂಕಲ್ಪವಿರಬಾರದೆಂದಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ರಾವಣನು ಮನಸ್ಸು ತಿರುಗಿ, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಹಿಡಿದು ತಂದ ಮೇಲೆಯೇ ಸೀತೆಯನ್ನೊಪ್ಪಿಸಬೇಕೆಂದು ನಿಶ್ಚಯಿಸುವನು. ಆದರೆ ಆ ಬೀಜವನ್ನು ಬಿತ್ತಿದವನು ಕವಿಯೇ. ಅದರಿಂದ ರಾವಣನ ಹೊಣೆ ಕುಗ್ಗದು, ದುರಂತವು ಹಿಗ್ಗುವುದು. ಶಕುನಿಯ ಅರ್ಥ ಹೇಳುವವನು ಈ ಅಳತೆಗೋಲನ್ನು ಮರೆಯಲಾಗದು. ಹಗೆಯ ಸುಳಿವೊಂದನ್ನು ದನಿಯಲ್ಲಿ ಹೊಳೆಯಿಸಿ ಬಿಡುವ ಸ್ವಾತಂತ್ರ್ಯ ಅವನಿಗುಂಟು. ಇದಿರು ಅರ್ಥಧಾರಿಯ ದುರ್ಯೋಧನನನ್ನು ನಿರ್ಜೀವಗೊಳಿಸುವ ಅಧಿಕಾರವಿಲ್ಲ.