ವೈರಾಣುವಿನ ವೈರ: ಒಂದು ಪದವಿವೇಚನೆ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ವೈರಸ್ಸಿಗೆ ಸಾಮಾನ್ಯವಾಗಿ ಬಳಸುವ ಶಬ್ದ ‘ವೈರಾಣು’. ಲ್ಯಾಟಿನ್ ಹೆಸರಿನ ಧ್ವನಿಯನ್ನು ಉಳಿಸಿಕೊಂಡು ಅದನ್ನು ‘ಅಣು’ವಿನೊಡನೆ ಬೆಸೆದಿರುವ ಈ ಸಮಾಸ ಕೇಳುವುದಕ್ಕೆ ಹಿತವಾಗಿಯೇ ಇದೆ. ಆದರೆ ಕನ್ನಡದ ಕಿವಿ ಅದರಲ್ಲಿ ಲ್ಯಾಟಿನ್ನನ್ನು ಕೇಳುವುದಿಲ್ಲ, ‘ವೈರ’ವನ್ನೇ ಕೇಳುತ್ತದೆ. ಮುಂಬಯಿ, ಪುಣೆಗಳಲ್ಲಿರುವ ನಮಗೆ ಪರಿಚಿತವಾದ ಮರಾಠಿಯ ‘ವಿಷಾಣು’ ಮೂಲಾರ್ಥಕ್ಕೆ ಹೆಚ್ಚು ನಿಷ್ಠವಾದುದು. ಲ್ಯಾಟಿನ್ನಿನ ‘ವೀರುಸ್’, ಸಂಸ್ಕೃತದ ‘ವಿಷ’ ಎರಡೂ ಒಂದೇ ಧಾತುವಿನ ಕವಲುಗಳು. ಹೀಗೆ ಒಂದು ಹೆಸರು ಹಗೆಯನ್ನು ಸೂಚಿಸಿದರೆ ಇನ್ನೊಂದು ನಂಜನ್ನು ಸೂಚಿಸುತ್ತದೆ. ೨೦೨೦ರ ಮಹಾಮಾರಿಯ ಕಾಲದ ಬರಹಗಳಲ್ಲಿ ದಾಳಿ, ಸಮರ, ನುಸುಳುಕೋರ, ಸಂಹಾರ ಎಂಬ ಮಾತುಗಳು ಹೇರಳವಾಗಿ ಬಂದುವು. ಈ ರೂಪಕಗಳು ವಸ್ತುಸ್ಥಿತಿಗೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀವಕೋಶದ ರಾಸಾಯನಿಕ ವ್ಯವಹಾರಕ್ಕೆ ನಮ್ಮಲ್ಲಿ ‘ಚಯಾಪಚಯ’ ಎಂಬ ಸೊಗಸಾದ ಶಬ್ದವಿದೆ. ಗ್ರೀಕ್ ಮೂಲದ ‘ಮೆಟಬಾಲಿಸಂ’ ಬರಿಯ ಮಾರ್ಪಾಟನ್ನು ಹೇಳುತ್ತದೆ; ನಮ್ಮ ಶಬ್ದ ಕೂಡಿಸುವ ಚಯ, ಒಡೆದು ವ್ಯಯಿಸುವ ಅಪಚಯ ಎರಡನ್ನೂ ಹೇಳುತ್ತದೆ. ವೃತ್ತಿಯಿಂದ ಜಮಾಖರ್ಚನ್ನು ನೋಡುವ ನನ್ನಂಥವನಿಗೆ ಇದು ಮೆಚ್ಚುಗೆಯಾಗುವುದು ಸಹಜ. ವೈರಸ್ಸಿಗೆ ಇಂಥ ಸ್ವಂತ ವ್ಯವಹಾರವಿಲ್ಲ. ಅದು ಪ್ರೋಟೀನಿನ ಕವಚದೊಳಗಿನ ನ್ಯೂಕ್ಲಿಯಿಕ್ ಆಮ್ಲ. ಕೆಲವು ಬಗೆಗಳಿಗೆ ಮೇಲೊಂದು ಕೊಬ್ಬಿನ ಹೊದಿಕೆ. ತನ್ನ ಪ್ರತಿಗಳನ್ನು ಹುಟ್ಟಿಸಬೇಕಾದರೆ ಅದಕ್ಕೆ ಜೀವಕೋಶದ ಬಂಡವಾಳವೇ ಬೇಕು. ಆದಕಾರಣ ವೈರಸ್ಸಿನ ಕಥೆಯ ತಿರುಳಿರುವುದು ಜೀವಕೋಶದ ಚಯಾಪಚಯ ಹೇಗೆ ಬದಲಾಗುತ್ತದೆ ಎಂಬುದರಲ್ಲಿ. ನಮ್ಮ ಬರಹಗಳು ಪ್ರವೇಶವನ್ನೂ ಮರಣವನ್ನೂ ವರ್ಣಿಸಿ, ನಡುವಿನ ಈ ಅಧ್ಯಾಯವನ್ನು ಹಾರಿಬಿಡುವುದುಂಟು.

ಮೊದಲ ಉದಾಹರಣೆ ಹಳೆಯದು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಕ್ಕೆ ತಗಲುವ ಕೆಲವು ವೈರಸ್ಸುಗಳ ಡಿಎನ್‌ಎಯಲ್ಲಿ ಸೈಟೊಸಿನ್ನಿನ ಬದಲು ಹೈಡ್ರಾಕ್ಸಿಮೀಥೈಲ್ ಸೈಟೊಸಿನ್ ಇದೆಯೆಂದು ವಾಯಟ್ ಮತ್ತು ಸೇಮೂರ್ ಕೋಹೆನ್ ೧೯೫೨ರಲ್ಲಿ ತೋರಿಸಿದರು. ಸೋಂಕಿಲ್ಲದ ಬ್ಯಾಕ್ಟೀರಿಯ ಈ ವಸ್ತುವನ್ನು ತಯಾರಿಸುವುದಿಲ್ಲ. ಹಾಗಾದರೆ ಅದು ಬಂದುದೆಲ್ಲಿಂದ? ಸೋಂಕು ತಗಲಿದ ಮೇಲೆ ಅದಕ್ಕೆ ಬೇಕಾದ ಹೊಸದೊಂದು ಕಿಣ್ವವೇ ಕೋಶದಲ್ಲಿ ಕಾಣಿಸಿಕೊಳ್ಳುತ್ತದೆಂದು ೧೯೫೭ರಲ್ಲಿ ಫ್ಲಾಕ್ಸ್ ಮತ್ತು ಕೋಹೆನ್ ಕಂಡುಹಿಡಿದರು. ಆ ಕಿಣ್ವದ ಆದೇಶ ವೈರಸ್ಸಿನದೇ ಎಂಬುದು ಮುಂದೆ ಸ್ಪಷ್ಟವಾಯಿತು. ಈ ಭೇದದಿಂದ ವೈರಸ್ಸಿಗೆ ದೊಡ್ಡ ಅನುಕೂಲವಿದೆ: ಸೈಟೊಸಿನ್ ಇರುವ ಬ್ಯಾಕ್ಟೀರಿಯದ ಡಿಎನ್‌ಎಯನ್ನು ಅದರ ಕಿಣ್ವಗಳು ಕತ್ತರಿಸಿ, ಆ ತುಣುಕುಗಳಿಂದಲೇ ತಮ್ಮ ಡಿಎನ್‌ಎಗೆ ಸಾಮಗ್ರಿಯನ್ನು ಒದಗಿಸಬಲ್ಲುವು. ಇದನ್ನು ಕೊಳ್ಳೆ ಎಂದು ಮಾತ್ರ ಕರೆದರೆ ಸಾಲದು. ಕೋಶ ಹಿಂದೆಂದೂ ಮಾಡದಿದ್ದ ಕಸುಬೊಂದನ್ನು ಇಲ್ಲಿ ಹೊಸದಾಗಿ ಕಲಿತಿದೆ.

ಎರಡನೆಯದು ಸಮುದ್ರದ್ದು. ಬೆಳಕಿನಿಂದ ಆಹಾರ ತಯಾರಿಸುವ ಸಯನೊಬ್ಯಾಕ್ಟೀರಿಯಗಳಿಗೆ ತಗಲುವ ವೈರಸ್ಸೊಂದರಲ್ಲಿ ದ್ಯುತಿಸಂಶ್ಲೇಷಣೆಯ ಜೀನುಗಳೇ ಇರುವುದು ೨೦೦೩ರಲ್ಲಿ ಪ್ರಕಟವಾಯಿತು. ಬೆಳಕನ್ನು ಹಿಡಿಯುವ ಯಂತ್ರದ ಡಿ೧ ಎಂಬ ಪ್ರೋಟೀನು ಬಿಸಿಲಿನಲ್ಲಿ ಬೇಗ ಸವೆಯುತ್ತದೆ. ಸೋಂಕಿನ ಅವಧಿಯಲ್ಲಿ ಅದನ್ನು ವೈರಸ್ಸಿನ ಜೀನೂ ಪೂರೈಸುತ್ತದೆ. ಇತ್ತ ಇಂಗಾಲವನ್ನು ಸಕ್ಕರೆಯಾಗಿ ಕೂಡಿಸುವ ಕೆಲಸ ಕುಂಠಿತವಾಗಿ, ಬೆಳಕಿನಿಂದ ಬಂದ ಶಕ್ತಿ ನ್ಯೂಕ್ಲಿಯೊಟೈಡುಗಳ ತಯಾರಿಕೆಗೆ ತಿರುಗುತ್ತದೆ. ಕೊನೆಗೆ ಕೋಶ ಒಡೆಯುವುದೇನೋ ನಿಜ. ಆದರೆ ಅಲ್ಲಿಯ ತನಕ ದೀಪವನ್ನು ಆರಗೊಡದೆ ಕಾಯುವವನು ‘ವೈರಿ’ಯೇ!

ಮನುಷ್ಯನ ಕೋಶಗಳಲ್ಲಿ ವೈವಿಧ್ಯ ಇನ್ನೂ ಹೆಚ್ಚು. ಸೈಟೊಮೆಗಲೊ ವೈರಸ್ ತಗಲಿದ ಕೋಶ ಗ್ಲೂಕೋಸನ್ನು ಹೆಚ್ಚಾಗಿ ಸೇವಿಸಿ, ಅದರ ಇಂಗಾಲವನ್ನು ಕೊಬ್ಬಿನ ಆಮ್ಲಗಳ ತಯಾರಿಕೆಗೆ ಹರಿಸುತ್ತದೆ. ಆ ತಯಾರಿಕೆಯನ್ನು ತಡೆದರೆ ವೈರಸ್ಸಿನ ವೃದ್ಧಿಯೂ ಕುಗ್ಗುವುದೆಂದು ರಬಿನೊವಿಟ್ಸ್, ಶೆಂಕ್ ಮೊದಲಾದವರು ೨೦೦೮ರಲ್ಲಿ ತೋರಿಸಿದರು. ಅದೇ ವಂಶದ ಹರ್ಪಿಸ್ ಸಿಂಪ್ಲೆಕ್ಸ್ ಮುಖ್ಯವಾಗಿ ನ್ಯೂಕ್ಲಿಯೊಟೈಡುಗಳ ಕಡೆಗೆ ವ್ಯವಹಾರವನ್ನು ತಿರುಗಿಸುತ್ತದೆಂಬುದು ೨೦೧೧ರ ತೌಲನಿಕ ಅಧ್ಯಯನದಿಂದ ತಿಳಿಯಿತು. ಡೆಂಗಿಯ ವೈರಸ್ ಕೋಶದಲ್ಲಿ ಶೇಖರವಾಗಿರುವ ಕೊಬ್ಬಿನ ಹನಿಗಳನ್ನು ಕರಗಿಸಿ ಶಕ್ತಿಯನ್ನು ಪಡೆಯುವ ದಾರಿಯನ್ನು ತೆರೆಯುತ್ತದೆಂದು ೨೦೧೦ರಲ್ಲಿ ವರದಿಯಾಯಿತು. ಒಂದು ಕೊಬ್ಬನ್ನು ಕಟ್ಟಿಸಿದರೆ ಮತ್ತೊಂದು ಕರಗಿಸುತ್ತದೆ.

ಇನ್ನು ರೂಪಕಗಳನ್ನು ತೂಗಿ ನೋಡಬಹುದು. ವಿಷವೆಂದರೆ ಕೆಲಸವನ್ನು ನಿಲ್ಲಿಸುವುದು ಎಂಬ ಕಲ್ಪನೆ ನಮ್ಮಲ್ಲಿದೆ. ಇಲ್ಲಿ ಎಷ್ಟೋ ಕೆಲಸಗಳು ಮೊದಲಿಗಿಂತ ವೇಗವಾಗಿ ನಡೆಯುತ್ತವೆ. ಸಮರವೆಂದರೆ ಎದುರುಬದುರು ನಿಂತ ಎರಡು ಪಕ್ಷಗಳು; ಇಲ್ಲಿ ಎರಡು ಪಕ್ಷಗಳಿಗೂ ಇರುವುದು ಒಂದೇ ಉಗ್ರಾಣ. ‘ನುಸುಳುಕೋರ’ ಎಂಬುದು ಎಲ್ಲಕ್ಕಿಂತ ಅವಿಚಾರದ ಮಾತು. ಹೊರಗಿನಿಂದ ಬಂದವನೆಂಬುದೇ ಅಪರಾಧವಾದಾಗ ಆ ಮಾತಿನ ತೂಕವೆಷ್ಟೆಂಬುದನ್ನು ಹೊರನಾಡಿನಲ್ಲಿ ನೆಲಸಿರುವ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಕಾರ್ಖಾನೆಯ ಅಪಹರಣ’ ಎಂಬ ರೂಪಕ ಇವುಗಳಿಗಿಂತ ಮೇಲು. ಆದರೆ ಯಂತ್ರಗಳೇ ಮಾರ್ಪಡುವುದನ್ನೂ ಹೊಸ ಯಂತ್ರ ಬರುವುದನ್ನೂ ಅದು ಮರೆಮಾಡುತ್ತದೆ. ಹಣವನ್ನು ಒಂದು ಬಾಬಿನಿಂದ ಇನ್ನೊಂದಕ್ಕೆ ವರ್ಗಾಯಿಸುವ ಲೆಕ್ಕಪತ್ರದ ರೂಪಕ ನನಗೆ ಪ್ರಿಯವಾದುದು. ಅದಕ್ಕೂ ಮಿತಿಯುಂಟು: ವರ್ಗಾಯಿಸುವವನಿಗೆ ಉದ್ದೇಶವಿರುತ್ತದೆ, ವೈರಸ್ಸಿಗಿಲ್ಲ. ಅಲ್ಲದೆ ಸೋಂಕಿನ ಕೋಶದಲ್ಲಿ ಕಾಣುವ ಮಾರ್ಪಾಡುಗಳೆಲ್ಲ ವೈರಸ್ಸಿನವೂ ಅಲ್ಲ; ಕೋಶದ ಆತ್ಮರಕ್ಷಣೆಯಿಂದ ಹುಟ್ಟಿದವೂ ಅವುಗಳಲ್ಲಿ ಸೇರಿರುತ್ತವೆ.

ಇದು ಬರಿಯ ಶಬ್ದಜಿಜ್ಞಾಸೆಯಲ್ಲವೆ ಎಂದು ವಾಚಕರು ಕೇಳಬಹುದು. ಹಾಗಲ್ಲ. ಶತ್ರು ಎಂದೊಡನೆ ಕೊಲ್ಲುವ ಆಯುಧವನ್ನು ಮನಸ್ಸು ಹುಡುಕುತ್ತದೆ. ವೈರಸ್ಸಿನಿಂದ ಬಂದ ನೆಗಡಿಗೂ ಔಷಧದ ಅಂಗಡಿಯಲ್ಲಿ ಆಂಟಿಬಯೊಟಿಕ್ ಕೇಳುವ ಅಭ್ಯಾಸದ ಹಿಂದೆ ಈ ಮನೋಭಾವವೂ ಇದೆ. ಆ ಔಷಧಗಳು ಬ್ಯಾಕ್ಟೀರಿಯದ ಗೋಡೆಯನ್ನೋ ಅದರ ರೈಬೊಸೋಮನ್ನೋ ಕೆಡಿಸುವಂಥವು. ವೈರಸ್ಸಿನಲ್ಲಿ ಅವೆರಡೂ ಇಲ್ಲ. ಪ್ರಯೋಜನವಿಲ್ಲದೆ ನುಂಗಿದ ಮಾತ್ರೆಯಿಂದ ಬ್ಯಾಕ್ಟೀರಿಯಗಳು ಔಷಧವನ್ನು ಎದುರಿಸಿ ಬಾಳುವುದನ್ನು ಕಲಿಯುತ್ತವೆ. ಇದಕ್ಕೆ ಪ್ರತಿಯಾಗಿ ಹರ್ಪಿಸ್ಸಿಗೆ ಕೊಡುವ ಅಸೈಕ್ಲೊವಿರನ್ನು ನೋಡಿ. ಗರ್ಟ್ರೂಡ್ ಎಲಿಯನ್ನರ ಪ್ರಯೋಗಶಾಲೆ ೧೯೭೦ರ ದಶಕದಲ್ಲಿ ಅದರ ಮರ್ಮವನ್ನು ಬಿಡಿಸಿತು. ಎಲಿಯನ್ನರಿಗೆ ೧೯೮೮ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ತನ್ನಷ್ಟಕ್ಕೆ ನಿಷ್ಕ್ರಿಯವಾದ ಆ ವಸ್ತುವಿಗೆ ಮೊದಲ ಫಾಸ್ಫೇಟನ್ನು ಜೋಡಿಸುವುದು ಬಹುಮಟ್ಟಿಗೆ ವೈರಸ್ಸು ತಂದ ಥೈಮಿಡಿನ್ ಕೈನೇಸ್ ಎಂಬ ಕಿಣ್ವವೇ. ಉಳಿದುದನ್ನು ಕೋಶದ ಕಿಣ್ವಗಳು ಪೂರೈಸುತ್ತವೆ; ಆಗ ವೈರಸ್ಸಿನ ಡಿಎನ್‌ಎ ತಯಾರಿಕೆ ನಿಲ್ಲುತ್ತದೆ. ಸೋಂಕಿಲ್ಲದ ಕೋಶಕ್ಕೆ ಬಾಧೆ ಅತ್ಯಲ್ಪ. ಸೋಂಕಿನಿಂದ ಬದಲಾದ ಚಯಾಪಚಯವನ್ನು ಅರಿತುದರ ಫಲವಿದು.

‘ವೈರಾಣು’ ರೂಢಿಯಾದ ಹೆಸರು. ಅದನ್ನು ಕೈಬಿಡಬೇಕೆಂದು ನನ್ನ ವಾದವಲ್ಲ. ಹೆಸರಿಗೆ ಅಂಟಿದ ಹಗೆ ಕ್ರಿಯಾಪದಗಳಿಗೂ ಹರಡದಂತೆ ನೋಡಿಕೊಂಡರೆ ಸಾಕು. ‘ದಾಳಿ ಮಾಡಿತು’ ಎಂದು ಬರೆಯಲು ಹೊರಟ ಲೇಖಕರು, ಯಾವ ಕೋಶದಲ್ಲಿ, ಯಾವ ವಸ್ತು, ಯಾವ ದಾರಿಯಿಂದ ಯಾವ ದಾರಿಗೆ ತಿರುಗಿತು ಎಂಬುದನ್ನು ಒಂದೆರಡು ವಾಕ್ಯಗಳಲ್ಲಿ ಹೇಳಲಿ. ಅದಕ್ಕೆ ಬೇಕಾದ ಶಬ್ದಸಂಪತ್ತು ಕನ್ನಡದಲ್ಲಿದೆ.