ಅಕ್ಕಮಹಾದೇವಿಯ ವಚನಗಳಲ್ಲಿ ಮೈಯೂ ನಾಚಿಕೆಯೂ

ದೇಹವನ್ನು ಕುರಿತು ನಾಚಬೇಕಾಗಿಲ್ಲ, ಇದ್ದಂತೆಯೇ ಅದನ್ನು ಆದರಿಸಬೇಕು ಎಂಬ ವಿಚಾರ ಈಚೆಗೆ ಬಲವಾಗಿ ಕೇಳಿಬರುತ್ತಿದೆ. ಅದಕ್ಕೆ ಕನ್ನಡದಲ್ಲಿ ಆಧಾರವನ್ನು ಅರಸುವವರು 12ನೆಯ ಶತಮಾನದ ಅಕ್ಕಮಹಾದೇವಿಯನ್ನು ನೆನೆಯುವುದು ಸಹಜ. ಮಾರೇನಹಳ್ಳಿ, ವಿಜಯನಗರಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು, ಮೈತೂಕ ಇಳಿಸುವ ಜಾಹೀರಾತುಗಳನ್ನು ದಾರಿಯುದ್ದಕ್ಕೂ ಓದಿಕೊಂಡು ಬಂದು, ಅಕ್ಕನನ್ನು ಹೀಗೆ ಅರ್ಥೈಸಬಹುದೇ ಎಂದು ಕೇಳಿದರೆ ಅಧ್ಯಾಪಕರು ಏನೆನ್ನಬೇಕು?

ಒಡನೆಯೇ ಹೌದೆನ್ನಲು ನಮಗೆ ಧೈರ್ಯವಿಲ್ಲ. ದೇಹವನ್ನು ಹೊಲಸಿನ ಪಾತ್ರೆಗೆ ಹೋಲಿಸಿ, ಅದು ಸುಟ್ಟುಹೋಗಲೆನ್ನುವ ವಚನವೂ ಆಕೆಯದೇ. ಅದನ್ನು ಮರೆಮಾಚಿ ಆಡುವ ಮಾತು ವಿಮರ್ಶೆಯಾಗದು. ಆದರೆ ಆ ವಚನ ಯಾರನ್ನು ಕುರಿತದ್ದು? ಚೆನ್ನಮಲ್ಲಿಕಾರ್ಜುನನನ್ನು ಅರಿಯದ ಮರುಳನನ್ನು. ಕೌಶಿಕನ ಕಥೆಯನ್ನು ನಂಬಲಿ, ಬಿಡಲಿ, ಅಲ್ಲಿಯ ಹೇಸಿಕೆ ಎದುರಿನವನ ಮೋಹವನ್ನು ಕಡಿಯಲು ಎತ್ತಿದ ಆಯುಧವೆಂದು ತೋರುತ್ತದೆ. ಕನ್ನಡಿಯ ಮುಂದೆ ನಿಂತು ತನ್ನನ್ನೇ ಹಳಿದುಕೊಳ್ಳುವವಳ ಧಾಟಿ ಅದಲ್ಲ.

ನಾಚಿಕೆಯನ್ನೇ ವಿಷಯವಾಗಿಸಿಕೊಂಡ ವಚನ ಬೇರೆ ಇದೆ. ಉಟ್ಟದ್ದು ಸಡಿಲಿದರೆ ಗಂಡೂ ನಾಚುತ್ತದೆ, ಹೆಣ್ಣೂ ನಾಚುತ್ತದೆ. ಜಗವನ್ನೆಲ್ಲ ಒಡೆಯನು ನೋಡುತ್ತಿರುವಾಗ ಮುಚ್ಚಿಡುವುದೆಲ್ಲಿ ಎಂದು ಅದು ಕೇಳುತ್ತದೆ. ಗಂಡನ್ನೂ ಒಂದೇ ಉಸಿರಿನಲ್ಲಿ ಸೇರಿಸಿದ್ದನ್ನು ನಮ್ಮ ವ್ಯಾಖ್ಯಾನಕಾರರು ಅಷ್ಟಾಗಿ ಗಮನಿಸಿದಂತಿಲ್ಲ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯ ಪರಂಪರೆಯಲ್ಲಿ ಅಲ್ಲಮಪ್ರಭುವಿನ ಪ್ರಶ್ನೆ ಪ್ರಸಿದ್ಧವಾದುದು: ಸೀರೆಯನ್ನು ತೊರೆದವಳು ಕೂದಲನ್ನೇಕೆ ಮರೆಮಾಡಿಕೊಂಡೆ? ನೋಡುವವರಿಗೆ ನೋವಾಗದಿರಲೆಂದು, ಎಂಬುದು ಉತ್ತರದ ಸಾರ. ಹೀಗೆ ಲಜ್ಜೆಯ ಹೊಣೆ ನೋಡುವ ಕಣ್ಣಿಗೆ ವರ್ಗವಾಗುತ್ತದೆ. ಪಟಗಳಲ್ಲಿ ಆ ನೀಳಗೂದಲನ್ನು ಬರೆಯುವ ಚಿತ್ರಕಾರರು ಈ ಉತ್ತರವನ್ನು ಓದಿದ್ದಾರೆಯೋ ಇಲ್ಲವೋ! ಮೈ ಕಪ್ಪಾಗಿ ಕಂದಿದರೇನು, ಮಿಂಚಿದರೇನು ಎಂಬ ಆಕೆಯ ಮಾತೂ ಇದರೊಡನೆ ಸೇರುತ್ತದೆ.

ಇಲ್ಲಿಯೇ ಹೊಸ ವಿಚಾರಕ್ಕೂ ಅಕ್ಕನಿಗೂ ಅಂತರವುಂಟು. ಎಲ್ಲ ದೇಹಗಳೂ ಸುಂದರವೆಂದು ಇಂದಿನವರು ಹೇಳುತ್ತಾರೆ. ಅಲ್ಲಿಯೂ ಚೆಲುವೇ ಅಳತೆಗೋಲು. ಅಕ್ಕ ಆ ಕೋಲನ್ನೇ ಮುರಿದಿದ್ದಾಳೆ. ನಮಗೆ ಆಕೆಯ ನಿಲುವೇ ಹೆಚ್ಚು ದೃಢವೆನಿಸುತ್ತದೆ, ಅದರ ಹಿಂದಿನ ವೈರಾಗ್ಯ ಎಲ್ಲರ ಕೈಗೂ ಎಟುಕುವಂಥದಲ್ಲದಿದ್ದರೂ.

ದೇಹದ ಆರೈಕೆಯನ್ನು ಕುರಿತು ಆಕೆ ಏನನ್ನೂ ಹೇಳಿಲ್ಲವೆಂದಲ್ಲ. ಹಸಿದರೆ ಊರಲ್ಲಿ ಭಿಕ್ಷೆಯುಂಟು, ಬಾಯಾರಿದರೆ ಕೆರೆಬಾವಿಗಳುಂಟು, ಮಲಗಲು ಪಾಳುದೇಗುಲವುಂಟು ಎಂದು ಎಣಿಸುವ ವಚನದಲ್ಲಿ ಮೈ ಬೇಡುವುದನ್ನು ಶಾಂತವಾಗಿ ಒಪ್ಪಿಕೊಂಡಿದ್ದಾಳೆ. ತರಗತಿಯಲ್ಲಿ ಹೊಲಸಿನ ಪಾತ್ರೆಯ ವಚನವನ್ನು ಬೋಧಿಸುವವರು ಅದೇ ದಿನ ಇದನ್ನೂ ಓದಿಸುವುದು ಮೇಲು.